ಪಶುವೈದ್ಯಕೀಯ ಅರ್ಬುದಶಾಸ್ತ್ರ

ಪಶುವೈದ್ಯಕೀಯ ಅರ್ಬುದಶಾಸ್ತ್ರವು ಪ್ರಾಣಿಗಳಿಗೆ ಬರುವ ಕ್ಯಾನ್ಸರ್‌ನ ಪತ್ತೆ, ಚಿಕಿತ್ಸೆ, ತಡೆಗಟ್ಟುವಿಕೆ ಮತ್ತು ನೋವು ಶಮನವನ್ನು ಕುರಿತ ಪಶುವೈದ್ಯ ವಿಜ್ಞಾನದ ಒಂದು ಶಾಖೆ. ಈ ಶಾಖೆಯಲ್ಲಿ ಪರಿಣತಿ ಪಡೆದವರನ್ನು ಪಶು ಕ್ಯಾನ್ಸರ್ ತಜ್ಞರು ಎನ್ನುತ್ತಾರೆ. ಅಮೆರಿಕ ಮತ್ತು ಯುರೋಪಿನಲ್ಲಿ ಇದು ಪ್ರತ್ಯೇಕ ಪ್ರಮಾಣಪತ್ರವುಳ್ಳ ತಜ್ಞ ವೃತ್ತಿಯಾಗಿದೆ. ಭಾರತದಲ್ಲಿ ಪಶು ಶಸ್ತ್ರಚಿಕಿತ್ಸೆ, ಪಶು ಚಿಕಿತ್ಸಾಶಾಸ್ತ್ರ ಹಾಗೂ ಪಶು ರೋಗಲಕ್ಷಣಶಾಸ್ತ್ರಗಳಲ್ಲಿ ಸ್ನಾತಕೋತ್ತರ ಪದವಿ ಪಡೆದವರು ಈ ಕೆಲಸವನ್ನು ನಿರ್ವಹಿಸುತ್ತಾರೆ. ನಗರಗಳಲ್ಲಿ ಈ ವೃತ್ತಿಯು ಮುಖ್ಯವಾಗಿ ನಾಯಿ ಮತ್ತು ಬೆಕ್ಕುಗಳಿಗೆ ಸಂಬಂಧಿಸಿದ್ದು. ಕರ್ನಾಟಕದ ಹಳ್ಳಿಗಳಲ್ಲಿ ಎತ್ತಿನ ಕೊಂಬಿನ ಕ್ಯಾನ್ಸರ್‌ನಂತಹ ಕಾಯಿಲೆಗಳು ಒಕ್ಕಲು ಕುಟುಂಬದ ದುಡಿಮೆಯನ್ನೇ ನೇರವಾಗಿ ತಟ್ಟುತ್ತವೆ.

ಪದಗಳ ಬಳಕೆ

‘ಅರ್ಬುದ’ ಎಂಬ ಸಂಸ್ಕೃತ ಪದವು ಸುಶ್ರುತ ಸಂಹಿತೆಯಲ್ಲಿ ಗಡ್ಡೆಯ ರೂಪದ ಬೆಳವಣಿಗೆಯನ್ನು ಸೂಚಿಸಲು ಬಳಕೆಯಾಗಿದೆ. ಕನ್ನಡದಲ್ಲಿ ಗಂತಿ, ಗಡ್ಡೆ, ದುರ್ಮಾಂಸ, ಏಡಿಗಂತಿ ಎಂಬ ಪದಗಳೂ ಇವೆ. ಏಡಿಗಂತಿ ಎಂಬುದು ‘ಏಡಿ’ ಎಂಬ ಅರ್ಥವಿರುವ ಲ್ಯಾಟಿನ್ ಮೂಲದ ‘ಕ್ಯಾನ್ಸರ್’ ಪದಕ್ಕೆ ಸಂವಾದಿಯಾಗಿ ರೂಪುಗೊಂಡಿದೆ. ಎಲ್ಲ ಗಡ್ಡೆಗಳೂ ಕ್ಯಾನ್ಸರ್ ಅಲ್ಲ. ಹುಟ್ಟಿದ ಜಾಗದಲ್ಲಿಯೇ ಉಳಿಯುವ ಗಡ್ಡೆಯನ್ನು ಸೌಮ್ಯ ಗಡ್ಡೆ ಎಂದೂ, ಸುತ್ತಲಿನ ಅಂಗಾಂಶವನ್ನು ಆಕ್ರಮಿಸಿ ರಕ್ತ ಅಥವಾ ದುಗ್ಧರಸದ ಮೂಲಕ ಬೇರೆ ಅಂಗಗಳಿಗೆ ಹರಡುವ ಗಡ್ಡೆಯನ್ನು ಮಾರಕ ಗಡ್ಡೆ ಎಂದೂ ವಿಂಗಡಿಸಲಾಗುತ್ತದೆ.

ಇತಿಹಾಸ

ಕ್ಯಾನ್ಸರ್ ಕುರಿತ ಮೂಲಭೂತ ತಿಳಿವಳಿಕೆಯಲ್ಲಿ ಪ್ರಾಣಿಗಳ ಅಧ್ಯಯನಕ್ಕೆ ಮೊದಲಿನಿಂದಲೂ ಸ್ಥಾನವಿದೆ. ರಷ್ಯಾದ ಪಶುವೈದ್ಯ ಮ್ಸ್ತಿಸ್ಲಾವ್ ನೋವಿನ್‌ಸ್ಕಿ 1876ರಲ್ಲಿ ಒಂದು ನಾಯಿಯ ಗಡ್ಡೆಯನ್ನು ಮತ್ತೊಂದು ನಾಯಿಗೆ ಕಸಿ ಮಾಡಿ ಬೆಳೆಸಿ ತೋರಿಸಿದರು. ಹಂಗೇರಿಯ ಪಶುವೈದ್ಯ ಯೋಜೆಫ್ ಮಾರೆಕ್ 1907ರಲ್ಲಿ ಕೋಳಿಗಳ ಒಂದು ಕಾಯಿಲೆಯನ್ನು ವಿವರಿಸಿದರು. ಅದಕ್ಕೆ ಮುಂದೆ ಅವರ ಹೆಸರೇ ಬಂದಿತು. ಪೇಟನ್ ರೌಸ್ 1911ರಲ್ಲಿ ಕೋಳಿಯ ಮಾಂಸಗಂತಿಯು ವೈರಸ್‌ನಿಂದ ಹರಡುತ್ತದೆ ಎಂಬುದನ್ನು ತೋರಿಸಿದರು. ಈ ಶೋಧಕ್ಕೆ ಅವರಿಗೆ 1966ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಮಾರೆಕ್ ಕಾಯಿಲೆಯ ವಿರುದ್ಧ 1960ರ ದಶಕದ ಕೊನೆಯಲ್ಲಿ ಸಿದ್ಧವಾದ ಲಸಿಕೆಯು ಕ್ಯಾನ್ಸರ್ ಅನ್ನು ತಡೆಯುವ ಮೊದಲ ಪರಿಣಾಮಕಾರಿ ಲಸಿಕೆಯೆನಿಸಿದೆ. ಮೊಟ್ಟೆಯಿಂದ ಹೊರಬಂದ ದಿನವೇ ಮರಿಗಳಿಗೆ ಇದನ್ನು ನೀಡುವುದು ಇಂದು ಕೋಳಿ ಸಾಕಣೆಯ ವಾಡಿಕೆಯಾಗಿದೆ.

ನಾಯಿಗಳ ಕ್ಯಾನ್ಸರ್‌ಗೆಂದೇ ರೂಪಿಸಲಾದ ಟೊಸೆರಾನಿಬ್ ಎಂಬ ಔಷಧಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2009ರಲ್ಲಿ ಅನುಮತಿ ನೀಡಿತು. ಅದಕ್ಕೆ ಮೊದಲು ಪಶುವೈದ್ಯರು ಮನುಷ್ಯರಿಗಾಗಿ ತಯಾರಾದ ಔಷಧಗಳನ್ನೇ ಬಳಸುತ್ತಿದ್ದರು. ಇಂದಿಗೂ ಬಹುಪಾಲು ಚಿಕಿತ್ಸೆ ಅವುಗಳಿಂದಲೇ ನಡೆಯುತ್ತದೆ.

ಭಾರತದಲ್ಲಿ ಪಶುರೋಗ ಸಂಶೋಧನೆಯು 1889ರಲ್ಲಿ ಪುಣೆಯಲ್ಲಿ ಆರಂಭವಾದ ಸಂಸ್ಥೆಯೊಂದಿಗೆ ಬೆಳೆಯಿತು. ಉತ್ತರ ಪ್ರದೇಶದ ಇಜ್ಜತ್‌ನಗರದಲ್ಲಿರುವ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯು ಅದರ ಮುಂದುವರಿದ ರೂಪ. ದನಗಳ ಕೊಂಬಿನ ಕ್ಯಾನ್ಸರ್ ಮತ್ತು ನಾಯಿಗಳ ಸ್ತನಗಂತಿಗಳು ಭಾರತೀಯ ಸಂಶೋಧಕರು ಹೆಚ್ಚಾಗಿ ಅಧ್ಯಯನ ಮಾಡಿರುವ ವಿಷಯಗಳಾಗಿವೆ.

ಜಾನುವಾರುಗಳಲ್ಲಿ ಕಂಡುಬರುವ ಕ್ಯಾನ್ಸರ್‌ಗಳು

ಕೊಂಬಿನ ಕ್ಯಾನ್ಸರ್

ದನದ ಕೊಂಬು ಪೂರ್ತಿ ಘನವಾದ ವಸ್ತುವಲ್ಲ. ಹೊರಗಿನ ಗಟ್ಟಿ ಕವಚದ ಒಳಗೆ ಮೂಳೆಯ ತಿರುಳಿದ್ದು, ಹಣೆಯ ಗಾಳಿಕೋಶವು ಆ ತಿರುಳಿನೊಳಕ್ಕೂ ಚಾಚಿಕೊಂಡಿರುತ್ತದೆ. ಈ ಭಾಗದ ಒಳಪೊರೆಯಲ್ಲಿ ಹುಟ್ಟುವ ಮಾರಕ ಗಡ್ಡೆಯೇ ಕೊಂಬಿನ ಕ್ಯಾನ್ಸರ್. ಇದು ಭಾರತೀಯ ತಳಿಗಳ ದನಗಳಲ್ಲಿ, ಅದರಲ್ಲೂ ಬೀಜ ಒಡೆದ ಎತ್ತುಗಳಲ್ಲಿ ಹೆಚ್ಚು. ಎಮ್ಮೆ ಮತ್ತು ಕೋಣಗಳಲ್ಲಿ ವಿರಳ. ಸಾಮಾನ್ಯವಾಗಿ 5ರಿಂದ 10 ವರ್ಷದ, ಅಂದರೆ ದುಡಿಮೆಯ ಮಧ್ಯವಯಸ್ಸಿನ ಪ್ರಾಣಿಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಆರಂಭದಲ್ಲಿ ಪ್ರಾಣಿಯು ತಲೆ ಕೊಡವುತ್ತದೆ, ಕೊಂಬನ್ನು ಗೋಡೆಗೆ ಅಥವಾ ಗೂಟಕ್ಕೆ ಉಜ್ಜುತ್ತದೆ, ತಲೆಯನ್ನು ಒಂದು ಬದಿಗೆ ವಾಲಿಸಿ ನಿಲ್ಲುತ್ತದೆ. ಅದೇ ಬದಿಯ ಮೂಗಿನ ಹೊಳ್ಳೆಯಿಂದ ಕೀವು ಅಥವಾ ರಕ್ತ ಬೆರೆತ ಸಿಂಬಳ ಸುರಿಯಬಹುದು. ಕೊಂಬಿನ ಬುಡ ಮುಟ್ಟಿದರೆ ಬಿಸಿಯಾಗಿದ್ದು, ತಟ್ಟಿದಾಗ ಪ್ರಾಣಿ ನೋವಿನಿಂದ ತಲೆ ಎಳೆದುಕೊಳ್ಳುತ್ತದೆ. ಕ್ರಮೇಣ ಕೊಂಬು ಸಡಿಲವಾಗಿ ಬಾಗಿ, ಕೊನೆಗೆ ಕಳಚಿ ಬೀಳುತ್ತದೆ. ಆ ಜಾಗದಲ್ಲಿ ಹೂಕೋಸಿನಂತಹ ದುರ್ಮಾಂಸ ಹೊರಚಾಚಿ ನೊಣ ಮುತ್ತಿ ಹುಳು ಬೀಳುತ್ತವೆ. ಬಹಳಷ್ಟು ರೈತರು ಪಶು ಆಸ್ಪತ್ರೆಗೆ ಬರುವುದು ಈ ಹಂತದಲ್ಲಿ. ಆ ವೇಳೆಗೆ ಕಾಯಿಲೆಯು ಹಣೆಯ ಗಾಳಿಕೋಶವನ್ನು ದಾಟಿರುವ ಸಂಭವವಿದೆ.

ಒಂದೇ ಕಾರಣವನ್ನು ಬೊಟ್ಟುಮಾಡಿ ತೋರಿಸಲಾಗಿಲ್ಲ. ಕೊಂಬಿಗೆ ಪದೇ ಪದೇ ಆಗುವ ಪೆಟ್ಟು ಮತ್ತು ಕೆರಳಿಕೆ, ಕೊಂಬನ್ನು ಹೆರೆಯುವುದು, ಬುಡಕ್ಕೆ ಹಗ್ಗ ಬಿಗಿಯುವುದು, ಬಣ್ಣ ಬಳಿಯುವುದು, ಬಿರುಬಿಸಿಲು ಹಾಗೂ ಬೀಜ ಒಡೆಯುವುದರಿಂದ ಉಂಟಾಗುವ ಹಾರ್ಮೋನು ವ್ಯತ್ಯಾಸಗಳನ್ನು ಪೂರಕ ಅಂಶಗಳೆಂದು ಪರಿಗಣಿಸಲಾಗಿದೆ.

ಚಿಕಿತ್ಸೆಯ ಮುಖ್ಯ ವಿಧಾನ ಶಸ್ತ್ರಕ್ರಿಯೆ. ಕೊಂಬಿನ ನರಕ್ಕೆ ಅರಿವಳಿಕೆ ಚುಚ್ಚುಮದ್ದು ಕೊಟ್ಟು, ಕೊಂಬನ್ನು ಬುಡಸಹಿತ ತೆಗೆದು, ಚರ್ಮದ ಪದರವನ್ನು ಮೇಲೆಳೆದು ಹೊಲಿಯಲಾಗುತ್ತದೆ. ಅನಂತರ ವಿನ್‌ಕ್ರಿಸ್ಟೀನ್ ಎಂಬ ಔಷಧವನ್ನು ರಕ್ತನಾಳದ ಮೂಲಕ ಕೊಡುವುದುಂಟು. ಬೇಗ ಪತ್ತೆಯಾದರೆ ಎತ್ತು ಗುಣಹೊಂದಿ ಮತ್ತೆ ನೊಗಕ್ಕೆ ಹೆಗಲು ಕೊಡಬಲ್ಲದು. ತಡವಾದರೆ ಗಡ್ಡೆ ಮರುಕಳಿಸುತ್ತದೆ.

ಇತರ ಕ್ಯಾನ್ಸರ್‌ಗಳು

ದನಗಳ ಕಣ್ಣಿನಲ್ಲಿ, ಮುಖ್ಯವಾಗಿ ರೆಪ್ಪೆ ಮತ್ತು ಮೂರನೆಯ ರೆಪ್ಪೆಯ ಬಳಿ ಬಣ್ಣವಿಲ್ಲದ ಚರ್ಮವಿರುವಲ್ಲಿ, ಬಿಸಿಲಿನ ನೇರಳಾತೀತ ಕಿರಣಗಳಿಂದ ಚಪ್ಪಟೆ ಜೀವಕೋಶಗಳ ಕ್ಯಾನ್ಸರ್ ಹುಟ್ಟಬಹುದು. ಗುಡ್ಡಗಾಡಿನಲ್ಲಿ ಬೆಳೆಯುವ ಬ್ರ್ಯಾಕೆನ್ ಎಂಬ ಜರೀಗಿಡವನ್ನು ದೀರ್ಘಕಾಲ ಮೇಯುವ ದನಗಳ ಮೂತ್ರಕೋಶದಲ್ಲಿ ಗಡ್ಡೆಗಳು ಬೆಳೆದು ಮೂತ್ರದಲ್ಲಿ ರಕ್ತ ಹೋಗುತ್ತದೆ. ಈ ಗಿಡದಲ್ಲಿರುವ ಟಾಕ್ವಿಲೋಸೈಡ್ ಎಂಬ ವಿಷವಸ್ತು ಇದಕ್ಕೆ ಕಾರಣ. ಕುರಿಗಳಲ್ಲಿ ಯಾಗ್‌ಸೀಕ್ಟೆ ಎಂಬ ವೈರಸ್ ಶ್ವಾಸಕೋಶದ ಕ್ಯಾನ್ಸರ್ ಉಂಟುಮಾಡುತ್ತದೆ. ಸೋಂಕಿದ ಕುರಿಯ ಹಿಂಗಾಲುಗಳನ್ನು ಮೇಲೆತ್ತಿದರೆ ಮೂಗಿನಿಂದ ನೊರೆಯಂತಹ ದ್ರವ ಸುರಿಯುವುದು ಇದರ ಪ್ರಮುಖ ಕುರುಹು. ಇದಕ್ಕೆ ಚಿಕಿತ್ಸೆಯಿಲ್ಲ. ರೋಗಗ್ರಸ್ತ ಕುರಿಯನ್ನು ಹಿಂಡಿನಿಂದ ಬೇರ್ಪಡಿಸುವುದೊಂದೇ ಮಾರ್ಗ.

ಸಾಕುಪ್ರಾಣಿಗಳಲ್ಲಿ ಕಂಡುಬರುವ ಕ್ಯಾನ್ಸರ್‌ಗಳು

ಭಾರತದ ಬೀದಿನಾಯಿಗಳಲ್ಲಿ ಸಾಮಾನ್ಯವಾಗಿರುವುದು ಸಂಪರ್ಕದಿಂದ ಹರಡುವ ಜನನಾಂಗದ ಗಂತಿ. ಇದು ವೈರಸ್‌ನಿಂದ ಹರಡುವುದಲ್ಲ. ಸಂಭೋಗದ ವೇಳೆ ಕ್ಯಾನ್ಸರ್ ಜೀವಕೋಶಗಳೇ ಒಂದು ನಾಯಿಯಿಂದ ಇನ್ನೊಂದಕ್ಕೆ ದಾಟುತ್ತವೆ. ಸಾವಿರಾರು ವರ್ಷಗಳ ಹಿಂದೆ ಬದುಕಿದ್ದ ಒಂದೇ ನಾಯಿಯಲ್ಲಿ ಹುಟ್ಟಿದ ಜೀವಕೋಶಗಳ ವಂಶವು ಇಂದಿಗೂ ಜಗತ್ತಿನ ನಾಯಿಗಳಲ್ಲಿ ಮುಂದುವರಿದಿದೆ ಎಂಬುದು ವಂಶವಾಹಿ ಅಧ್ಯಯನಗಳಿಂದ ದೃಢಪಟ್ಟಿದೆ. ವಾರಕ್ಕೊಮ್ಮೆಯಂತೆ ಕೆಲವು ವಾರ ವಿನ್‌ಕ್ರಿಸ್ಟೀನ್ ಕೊಟ್ಟರೆ ಬಹುತೇಕ ನಾಯಿಗಳು ಪೂರ್ಣ ಗುಣಹೊಂದುತ್ತವೆ. ಕ್ಯಾನ್ಸರ್‌ಗಳಲ್ಲಿ ಇಂತಹ ಫಲಿತಾಂಶ ಅಪರೂಪ.

ಹೆಣ್ಣುನಾಯಿಗಳ ಸ್ತನಗಂತಿಗಳಲ್ಲಿ ಸುಮಾರು ಅರ್ಧದಷ್ಟು ಮಾರಕವಾಗಿರುತ್ತವೆ. ಬೆಕ್ಕುಗಳಲ್ಲಿ ಈ ಪ್ರಮಾಣ 80ರಿಂದ 90 ಶೇಕಡಾ. ಎಳೆಯ ವಯಸ್ಸಿನಲ್ಲಿಯೇ ಮಾಡುವ ಸಂತಾನಹರಣ ಶಸ್ತ್ರಕ್ರಿಯೆಯು ಈ ಗಂತಿಗಳ ಸಂಭವವನ್ನು ತಗ್ಗಿಸುತ್ತದೆ. ದೊಡ್ಡ ಗಾತ್ರದ ತಳಿಗಳಲ್ಲಿ ಕಾಲಿನ ಮೂಳೆಯ ಕ್ಯಾನ್ಸರ್, ಎಲ್ಲ ತಳಿಗಳಲ್ಲಿ ದುಗ್ಧಗ್ರಂಥಿಗಳ ಕ್ಯಾನ್ಸರ್ ಆದ ಲಿಂಫೋಮಾ ಕಂಡುಬರುತ್ತವೆ. ಚಿಕಿತ್ಸೆಯಿಲ್ಲದಿದ್ದರೆ ಲಿಂಫೋಮಾ ಬಂದ ನಾಯಿ ಸಾಮಾನ್ಯವಾಗಿ 4ರಿಂದ 6 ವಾರ ಬದುಕುತ್ತದೆ. ನಾಲ್ಕು ಔಷಧಗಳ ಸಂಯುಕ್ತ ಚಿಕಿತ್ಸೆಯಿಂದ ಬಿ ಜೀವಕೋಶದ ಲಿಂಫೋಮಾ ಇರುವ ನಾಯಿಗಳ ಆಯಸ್ಸು ಸುಮಾರು ಒಂದು ವರ್ಷದವರೆಗೆ ವಿಸ್ತರಿಸುತ್ತದೆ.

ಮಸ್ಕಿ–ಲಿಂಗಸುಗೂರು–ಸಿಂಧನೂರು ಪ್ರದೇಶದ ಸಂದರ್ಭ

ರಾಯಚೂರು ಜಿಲ್ಲೆಯ ಪಾಮನಕಲ್ಲೂರು ಮತ್ತು ಸುತ್ತಲಿನ ಹಳ್ಳಿಗಳು ಈ ವೃತ್ತಿಯ ಗ್ರಾಮೀಣ ಮುಖವನ್ನು ಅರಿಯಲು ತಕ್ಕ ಉದಾಹರಣೆಯಾಗಿವೆ. ಲಿಂಗಸುಗೂರು, ಸಿಂಧನೂರು ಮತ್ತು ಮಾನ್ವಿ ತಾಲೂಕುಗಳ ಭಾಗಗಳನ್ನು ಸೇರಿಸಿ ಮಸ್ಕಿ ತಾಲೂಕನ್ನು ರಚಿಸಲಾಗಿದೆ. ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಯಲ್ಲಿ ಭತ್ತ ಬೆಳೆಯಲಾಗುತ್ತದೆ. ಉಳಿದ ಕಡೆ ಎರೆಭೂಮಿಯ ಒಣಬೇಸಾಯವಿದೆ. ಕೃಷ್ಣಾ ಕಣಿವೆಯ ಬೃಹತ್ ಗಾತ್ರದ ಕೃಷ್ಣಾ ತೀರ ತಳಿಯ ಎತ್ತುಗಳು ಎರೆಭೂಮಿಯ ಉಳುಮೆಗೆ ಹೆಸರಾದವು. ಕೆಂಗುರಿ ಎಂಬ ಕೆಂಪುಬಣ್ಣದ ಕುರಿತಳಿಯ ಮೂಲನೆಲೆಯೂ ರಾಯಚೂರು ಸೀಮೆಯೇ.

ಟ್ರ್ಯಾಕ್ಟರುಗಳು ಬಂದ ಮೇಲೆ ಎತ್ತುಗಳ ಸಂಖ್ಯೆ ಇಳಿದಿದೆ. ಆದರೂ ಸಣ್ಣ ಹಿಡುವಳಿಯ ಒಣಬೇಸಾಯದಲ್ಲಿ ಕುಂಟೆ ಹೊಡೆಯಲು, ಎಡೆ ಹೊಡೆಯಲು, ಬಂಡಿಗೆ ಹೂಡಲು ಜೋಡೆತ್ತುಗಳು ಬೇಕೇಬೇಕು. ಜೋಡಿಯಲ್ಲಿ ಒಂದಕ್ಕೆ ಕೊಂಬಿನ ಕ್ಯಾನ್ಸರ್ ಬಂದರೆ ಇನ್ನೊಂದೂ ಕೆಲಸವಿಲ್ಲದೆ ನಿಲ್ಲುತ್ತದೆ. ಹದ ಬಂದ ಹೊಲ ಕಾಯುವುದಿಲ್ಲವಾದ್ದರಿಂದ, ಮುಂಗಾರಿನ ಆರಂಭದಲ್ಲಿ ಎತ್ತು ಕಾಯಿಲೆ ಬಿದ್ದ ಕುಟುಂಬವು ಬಾಡಿಗೆಯ ಎತ್ತು ಅಥವಾ ಟ್ರ್ಯಾಕ್ಟರಿಗೆ ಹಣ ಹೊಂದಿಸಬೇಕಾಗುತ್ತದೆ. ಕೊಂಬು ಕಳೆದುಕೊಂಡ ಎತ್ತು ಗುಣವಾಗಿ ದುಡಿದರೂ ಸಂತೆಯಲ್ಲಿ ಅದರ ಬೆಲೆ ಇಳಿಯುತ್ತದೆ. ಆದ್ದರಿಂದ ಇಲ್ಲಿ ಪಶುವೈದ್ಯರು ನೀಡುವ ಸಲಹೆಯು ಚಿಕಿತ್ಸೆಯ ಖರ್ಚು, ಋತುವಿನ ಕೆಲಸ ಹಾಗೂ ಪ್ರಾಣಿಯ ಮುಂದಿನ ದುಡಿಮೆ ಇವೆಲ್ಲವನ್ನೂ ತೂಗಿ ನೋಡಬೇಕಾಗುತ್ತದೆ.

ಕಾರಹುಣ್ಣಿಮೆಯ ಹಬ್ಬದಲ್ಲಿ ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊಂಬಣಸು ತೊಡಿಸಿ ಮೆರವಣಿಗೆ ಮಾಡುವುದು ಈ ಭಾಗದ ಸಂಪ್ರದಾಯ. ಹಬ್ಬದ ತಯಾರಿಯಲ್ಲಿ ಎರಡೂ ಕೊಂಬುಗಳ ಬುಡವನ್ನು ಕೈಯಿಂದ ಮುಟ್ಟಿ ನೋಡುವ ಅವಕಾಶ ತಾನಾಗಿ ಒದಗುತ್ತದೆ. ಒಂದು ಕೊಂಬು ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ, ಅಲುಗಾಡಿದರೆ ಅಥವಾ ಒಂದೇ ಹೊಳ್ಳೆಯಿಂದ ಸಿಂಬಳ ಸುರಿಯುತ್ತಿದ್ದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು. ಕೊಂಬನ್ನು ಆಳವಾಗಿ ಹೆರೆಯದಿರುವುದು ಮತ್ತು ಬುಡಕ್ಕೆ ಹಗ್ಗ ಬಿಗಿಯದಿರುವುದು ಮುನ್ನೆಚ್ಚರಿಕೆಯ ಕ್ರಮಗಳು.

ಶಿಕ್ಷಣ

ಪದವಿ

ಈ ವೃತ್ತಿಗೆ ಮೊದಲ ಮೆಟ್ಟಿಲು ಪಶುವೈದ್ಯಕೀಯ ವಿಜ್ಞಾನ ಮತ್ತು ಪಶುಸಂಗೋಪನೆ ಪದವಿ (ಬಿ.ವಿ.ಎಸ್ಸಿ. ಮತ್ತು ಎ.ಎಚ್.). ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿದವರು ಅರ್ಹರು. ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಪದವಿಯ ಅವಧಿ ಐದೂವರೆ ವರ್ಷ. ದೇಶದ ಪಶುವೈದ್ಯ ಕಾಲೇಜುಗಳ 15 ಶೇಕಡಾ ಸೀಟುಗಳನ್ನು ಭಾರತೀಯ ಪಶುವೈದ್ಯ ಪರಿಷತ್ತು ನೀಟ್ ಅಂಕಗಳ ಆಧಾರದಲ್ಲಿ ತುಂಬುತ್ತದೆ. ಕರ್ನಾಟಕದ ಸೀಟುಗಳ ಹಂಚಿಕೆಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಕೃಷಿಕ ಕುಟುಂಬದ ವಿದ್ಯಾರ್ಥಿಗಳಿಗೆ ಪ್ರತ್ಯೇಕ ಮೀಸಲಾತಿ ಇದೆ.

ರಾಯಚೂರು ಜಿಲ್ಲೆಯು ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಗೆ ಸೇರಿದೆ. ಈ ವಿಧಿಯಡಿ ಕಲ್ಯಾಣ ಕರ್ನಾಟಕ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ 70 ಶೇಕಡಾ, ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8 ಶೇಕಡಾ ಸೀಟುಗಳು ಮೀಸಲಾಗಿವೆ. ಪಾಮನಕಲ್ಲೂರಿನಂತಹ ಹಳ್ಳಿಯ ವಿದ್ಯಾರ್ಥಿಗಳು ಇದರ ಪ್ರಯೋಜನ ಪಡೆಯಲು ನಿಗದಿತ ಅರ್ಹತಾ ಪ್ರಮಾಣಪತ್ರವನ್ನು ಮುಂಚಿತವಾಗಿ ಪಡೆದಿರಬೇಕು.

ರಾಜ್ಯದ ಪಶುವೈದ್ಯ ಕಾಲೇಜುಗಳು ಬೀದರ್‌ನಲ್ಲಿ ಕೇಂದ್ರಸ್ಥಾನ ಹೊಂದಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಕಾಲೇಜು ಇವುಗಳಲ್ಲಿ ಅತ್ಯಂತ ಹಳೆಯದು. ಬೀದರ್, ಹಾಸನ, ಶಿವಮೊಗ್ಗ ಮತ್ತು ಗದಗಗಳಲ್ಲಿಯೂ ಕಾಲೇಜುಗಳಿವೆ. ಪದವಿ ಮುಗಿಸಿದವರು ಪಶುವೈದ್ಯ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಅನಂತರವೇ ಚಿಕಿತ್ಸೆ ನೀಡಬಹುದು. ಭಾರತೀಯ ಪಶುವೈದ್ಯ ಪರಿಷತ್ತಿನ 1984ರ ಕಾಯಿದೆಯು ಇದಕ್ಕೆ ಆಧಾರ.

ಸ್ನಾತಕೋತ್ತರ ಅಧ್ಯಯನ

ಕ್ಯಾನ್ಸರ್ ಚಿಕಿತ್ಸೆಯತ್ತ ಒಲವಿರುವವರು ಎರಡು ವರ್ಷದ ಎಂ.ವಿ.ಎಸ್ಸಿ. ಪದವಿಗೆ ವಿಷಯವನ್ನು ಆರಿಸುವಾಗಲೇ ತಮ್ಮ ದಾರಿಯನ್ನು ನಿರ್ಧರಿಸಬೇಕಾಗುತ್ತದೆ. ಶಸ್ತ್ರಚಿಕಿತ್ಸೆ ಮತ್ತು ವಿಕಿರಣಶಾಸ್ತ್ರವು ಗಡ್ಡೆ ತೆಗೆಯುವ ಹಾಗೂ ಎಕ್ಸ್‌ರೇ, ಅಲ್ಟ್ರಾಸೌಂಡ್ ಓದುವ ಕೌಶಲವನ್ನು ಕಲಿಸುತ್ತದೆ. ಚಿಕಿತ್ಸಾಶಾಸ್ತ್ರವು ಔಷಧ ಚಿಕಿತ್ಸೆಗೆ ತಳಹದಿ. ರೋಗಲಕ್ಷಣಶಾಸ್ತ್ರವು ಸೂಕ್ಷ್ಮದರ್ಶಕದಡಿ ಜೀವಕೋಶಗಳನ್ನು ಗುರುತಿಸಿ ಗಡ್ಡೆಯ ಬಗೆಯನ್ನು ನಿರ್ಣಯಿಸುವ ವಿದ್ಯೆ. ಸ್ತನಗಂತಿ ಮತ್ತು ಜನನಾಂಗದ ಗಂತಿಗಳ ವಿಚಾರದಲ್ಲಿ ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗಕ್ಕೂ ಪಾತ್ರವಿದೆ. ಪ್ರಬಂಧಕ್ಕೆ ಕ್ಯಾನ್ಸರ್ ವಿಷಯವನ್ನು ಆರಿಸಿಕೊಂಡು, ಮುಂದೆ ಪಿಎಚ್.ಡಿ. ಮಾಡಿದವರು ಬೋಧನೆ ಮತ್ತು ಸಂಶೋಧನೆಗೆ ಹೋಗುತ್ತಾರೆ.

ವಿದೇಶದಲ್ಲಿ ತಜ್ಞತೆ

ಅಮೆರಿಕದಲ್ಲಿ ತಜ್ಞರಾಗಬಯಸುವ ಭಾರತೀಯ ಪದವೀಧರರು ಮೊದಲು ವಿದೇಶಿ ಪದವಿಯ ಸಮಾನತೆಯನ್ನು ಸಾಬೀತುಪಡಿಸುವ ಪರೀಕ್ಷೆಗಳನ್ನೂ, ಪರವಾನಗಿಗೆ ಬೇಕಾದ ಉತ್ತರ ಅಮೆರಿಕದ ಪಶುವೈದ್ಯ ಪರೀಕ್ಷೆಯನ್ನೂ ಪೂರೈಸುವುದು ರೂಢಿ. ಬಳಿಕ ಒಂದು ವರ್ಷದ ಇಂಟರ್ನ್‌ಶಿಪ್ ಹಾಗೂ ಸಾಮಾನ್ಯವಾಗಿ ಮೂರು ವರ್ಷದ ರೆಸಿಡೆನ್ಸಿ ತರಬೇತಿ ಇರುತ್ತದೆ. ಕೊನೆಗೆ ಅಮೆರಿಕನ್ ಪಶುವೈದ್ಯಕೀಯ ಆಂತರಿಕ ಚಿಕಿತ್ಸಾ ಕಾಲೇಜಿನ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಕ್ಯಾನ್ಸರ್ ತಜ್ಞರೆಂದು ಮಾನ್ಯರಾಗುತ್ತಾರೆ. ವಿಕಿರಣ ಚಿಕಿತ್ಸೆಗೆ ಬೇರೆಯೇ ತಜ್ಞ ಪರೀಕ್ಷೆಯಿದೆ.

ಕೆಲಸದ ಸ್ವರೂಪ

ಮೊದಲ ಕೆಲಸ ರೋಗನಿರ್ಣಯ. ಗಡ್ಡೆಗೆ ಸಣ್ಣ ಸೂಜಿ ಚುಚ್ಚಿ ಜೀವಕೋಶಗಳನ್ನು ಹೀರಿ ಗಾಜಿನ ಫಲಕದ ಮೇಲೆ ಹರಡಿ ನೋಡುವುದು ಅಗ್ಗದ ಮತ್ತು ತ್ವರಿತ ವಿಧಾನ. ಹಳ್ಳಿಯ ಪಶು ಆಸ್ಪತ್ರೆಯಲ್ಲಿಯೂ ಇದನ್ನು ಮಾಡಬಹುದು. ಖಚಿತ ನಿರ್ಣಯಕ್ಕೆ ಗಡ್ಡೆಯ ತುಣುಕನ್ನು ಅದರ ಹತ್ತುಪಟ್ಟು ಪ್ರಮಾಣದ 10 ಶೇಕಡಾ ಫಾರ್ಮಲಿನ್ ದ್ರಾವಣದಲ್ಲಿಟ್ಟು ಪ್ರಯೋಗಾಲಯಕ್ಕೆ ಕಳುಹಿಸಲಾಗುತ್ತದೆ. ಕಾಯಿಲೆಯು ಹತ್ತಿರದ ದುಗ್ಧಗ್ರಂಥಿಗಳಿಗೆ ಅಥವಾ ಶ್ವಾಸಕೋಶಕ್ಕೆ ಹರಡಿದೆಯೇ ಎಂದು ನೋಡಿ ಹಂತವನ್ನು ಗೊತ್ತುಪಡಿಸಲಾಗುತ್ತದೆ.

ಶಸ್ತ್ರಕ್ರಿಯೆ, ಕಿಮೋಥೆರಪಿ ಮತ್ತು ವಿಕಿರಣ ಚಿಕಿತ್ಸೆ ಮುಖ್ಯ ವಿಧಾನಗಳು. ಕಿಮೋಥೆರಪಿಯ ಔಷಧಗಳು ನಾಜೂಕಾದವು. ವಿನ್‌ಕ್ರಿಸ್ಟೀನ್ ರಕ್ತನಾಳದಿಂದ ಹೊರಕ್ಕೆ ಸೋರಿದರೆ ಸುತ್ತಲಿನ ಮಾಂಸ ಕೊಳೆಯುತ್ತದೆ. ಡಾಕ್ಸೊರುಬಿಸಿನ್ ಪ್ರಮಾಣ ಮೀರಿದರೆ ನಾಯಿಯ ಹೃದಯಕ್ಕೆ ಹಾನಿ. ಸಿಸ್‌ಪ್ಲಾಟಿನ್ ಮತ್ತು 5-ಫ್ಲೋರೋಯುರಾಸಿಲ್ ಬೆಕ್ಕುಗಳಿಗೆ ಪ್ರಾಣಾಂತಿಕ. ಔಷಧ ತಯಾರಿಸುವವರಿಗೂ ಅಪಾಯವಿರುವುದರಿಂದ ಕೈಗವಸು ಕಡ್ಡಾಯ. ಗರ್ಭಿಣಿಯರು ಈ ಕೆಲಸದಿಂದ ದೂರವಿರಬೇಕು. ಚಿಕಿತ್ಸೆಗೊಳಗಾದ ದನದ ಹಾಲು ಮತ್ತು ಮಾಂಸ ಆಹಾರಕ್ಕೆ ಸೇರಬಾರದು. ಹಾಲಿನ ಡೇರಿಗೆ ಹಾಲು ಹಾಕುವ ಕುಟುಂಬಗಳಿಗೆ ಇದನ್ನು ಮೊದಲೇ ತಿಳಿಸುವುದು ವೈದ್ಯರ ಹೊಣೆ.

ಮನುಷ್ಯರ ಚಿಕಿತ್ಸೆಗೂ ಪ್ರಾಣಿಗಳ ಚಿಕಿತ್ಸೆಗೂ ಗುರಿಯಲ್ಲಿ ವ್ಯತ್ಯಾಸವಿದೆ. ಪ್ರಾಣಿಗಳಲ್ಲಿ ಆಯಸ್ಸನ್ನು ಎಷ್ಟಾದರೂ ಹಿಗ್ಗಿಸುವುದಕ್ಕಿಂತ ಉಳಿದ ದಿನಗಳು ನೋವಿಲ್ಲದೆ ಸಾಗುವುದು ಮುಖ್ಯ. ಆದ್ದರಿಂದ ಔಷಧದ ಪ್ರಮಾಣವನ್ನು ಮಿತವಾಗಿರಿಸಲಾಗುತ್ತದೆ. ನೋವು ಶಮನಕ್ಕೆ ಬಳಕೆಯಲ್ಲಿದ್ದ ಡೈಕ್ಲೊಫಿನಾಕ್ ಅನ್ನು ಭಾರತದಲ್ಲಿ 2006ರಲ್ಲಿ ಪಶುಗಳಿಗೆ ನಿಷೇಧಿಸಲಾಯಿತು. ಔಷಧ ಪಡೆದು ಸತ್ತ ದನಗಳನ್ನು ತಿಂದ ರಣಹದ್ದುಗಳು ಮೂತ್ರಪಿಂಡ ವಿಫಲವಾಗಿ ಸಾಯುತ್ತಿದ್ದುದು ಇದಕ್ಕೆ ಕಾರಣ. ಅದರ ಬದಲಿಗೆ ಮೆಲಾಕ್ಸಿಕಾಮ್ ಬಳಸಲಾಗುತ್ತದೆ.

ಉದ್ಯೋಗಾವಕಾಶ

ಸರ್ಕಾರಿ ಸೇವೆಯಲ್ಲಿ ಕ್ಯಾನ್ಸರ್‌ಗೆಂದೇ ಮೀಸಲಾದ ಪ್ರತ್ಯೇಕ ವೃಂದವಿಲ್ಲ. ಪಶುಪಾಲನಾ ಇಲಾಖೆಯ ಪಶುವೈದ್ಯಾಧಿಕಾರಿಗಳು ತಾಲೂಕು ಪಶು ಆಸ್ಪತ್ರೆ ಮತ್ತು ಜಿಲ್ಲಾ ಪಾಲಿಕ್ಲಿನಿಕ್‌ಗಳಲ್ಲಿ ಇತರ ಕಾಯಿಲೆಗಳೊಂದಿಗೆ ಇವುಗಳನ್ನೂ ನೋಡುತ್ತಾರೆ. 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ಸೇವೆ ದೊರೆಯುತ್ತದೆ. ಪಶುವೈದ್ಯ ಕಾಲೇಜುಗಳ ಬೋಧನಾ ಆಸ್ಪತ್ರೆಗಳು, ಬೆಂಗಳೂರಿನಂತಹ ನಗರಗಳ ಖಾಸಗಿ ಸಾಕುಪ್ರಾಣಿ ಆಸ್ಪತ್ರೆಗಳು, ರೋಗನಿರ್ಣಯ ಪ್ರಯೋಗಾಲಯಗಳು, ಔಷಧ ಕಂಪನಿಗಳು ಮತ್ತು ಸಂಶೋಧನಾ ಸಂಸ್ಥೆಗಳು ಇತರ ಉದ್ಯೋಗ ಕ್ಷೇತ್ರಗಳು. ನಾಯಿಗಳಿಗೆ ತಾನಾಗಿ ಬರುವ ಕ್ಯಾನ್ಸರ್‌ಗಳು ಮನುಷ್ಯರ ಕ್ಯಾನ್ಸರ್‌ಗಳನ್ನು ಹೋಲುವುದರಿಂದ ತೌಲನಿಕ ಅರ್ಬುದಶಾಸ್ತ್ರ ಎಂಬ ಸಂಶೋಧನಾ ಕ್ಷೇತ್ರವೂ ಬೆಳೆದಿದೆ.

ಸವಾಲುಗಳು

ಪಶುಗಳಿಗೆ ವಿಕಿರಣ ಚಿಕಿತ್ಸೆ ನೀಡುವ ಸೌಲಭ್ಯ ಭಾರತದಲ್ಲಿ ಬಹಳ ವಿರಳ. ಯಂತ್ರಗಳು ದುಬಾರಿಯಾಗಿದ್ದು, ಅವುಗಳ ಸ್ಥಾಪನೆಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಚಿಕಿತ್ಸೆಯ ಪ್ರತಿ ಸರದಿಗೂ ಪ್ರಾಣಿಗೆ ಅರಿವಳಿಕೆ ಕೊಡಬೇಕಾಗುತ್ತದೆ. ಗ್ರಾಮೀಣ ಭಾಗಗಳಲ್ಲಿ ತಡವಾದ ಪತ್ತೆ, ಪ್ರಯೋಗಾಲಯದ ದೂರ ಹಾಗೂ ಶಸ್ತ್ರಕ್ರಿಯೆಯ ನಂತರ ಗಾಯವನ್ನು ನೊಣಗಳಿಂದ ಕಾಪಾಡುವ ಕಷ್ಟ ಮುಖ್ಯ ಅಡಚಣೆಗಳು.

ಗುಣವಾಗದ ಹಂತದಲ್ಲಿ ಪ್ರಾಣಿಯನ್ನು ಉಳಿಸಿಕೊಳ್ಳಬೇಕೆ ಅಥವಾ ದಯಾಮರಣ ನೀಡಬೇಕೆ ಎಂಬ ನಿರ್ಧಾರವು ಈ ವೃತ್ತಿಯ ಅತ್ಯಂತ ಕಠಿಣ ಭಾಗ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆ, 1960ರ 13ನೆಯ ಕಲಮು ತೀವ್ರವಾಗಿ ನರಳುವ ಪ್ರಾಣಿಗಳ ಜೀವ ಕೊನೆಗೊಳಿಸುವ ಸಂದರ್ಭಗಳನ್ನು ವಿವರಿಸುತ್ತದೆ. ಮನೆಮಂದಿಯ ಜೊತೆ ದುಡಿದ ಎತ್ತನ್ನು ಕುರಿತು ಇಂತಹ ಮಾತನ್ನು ಎತ್ತುವುದು ಹಳ್ಳಿಗಳಲ್ಲಿ ಸುಲಭವಲ್ಲ. ಅನೇಕ ಕುಟುಂಬಗಳು ದುಡಿಯಲಾರದ ಎತ್ತನ್ನು ಕೊಟ್ಟಿಗೆಯಲ್ಲಿಯೇ ಕೊನೆಯವರೆಗೆ ಸಾಕುತ್ತವೆ. ಅಂತಹ ಸಂದರ್ಭದಲ್ಲಿ ಗಾಯದ ಶುಶ್ರೂಷೆ, ನೋವಿನ ಔಷಧ ಮತ್ತು ಮೆತ್ತನೆಯ ಮೇವಿನ ವ್ಯವಸ್ಥೆಯನ್ನು ಹೇಳಿಕೊಡುವುದೂ ಕ್ಯಾನ್ಸರ್ ಚಿಕಿತ್ಸೆಯ ಅಂಗವೇ ಆಗಿದೆ.